ಟೂ-ಸ್ಟೆಪ್ ವೆರಿಫಿಕೇಶನ್: ಆನ್ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಇವು. "ವಾಟ್ಸ್‌ಆ್ಯಪ್ ಪಿನ್ ಇಡ್ರಿ ಅಂತದ, ಇಡಬೇಕೋ ಬ್ಯಾಡೋ?" "ಓಟಿಪಿ ಹೆಂಗೂ ಬರ್ತದಲ್ಲ, ಮತ್ತ ಇದೇನು?" "ಆನ್ ಮಾಡಿ ಫೋನ್ ಕಳಕೊಂಡ್ರ ನನ್ನ ಅಕೌಂಟ್ ನನಗs ಸಿಗೂದಿಲ್ಲೇನು?"

ಕೊನೆಯ ಪ್ರಶ್ನೆಯಲ್ಲಿರುವ ಭಯ ಸುಳ್ಳಲ್ಲ. ತಯಾರಿ ಇಲ್ಲದೆ ಆನ್ ಮಾಡಿದರೆ ಹಾಗೆ ಆಗುವುದುಂಟು. ಅದಕ್ಕೇ ಇಲ್ಲಿ ಬಟನ್ ಒತ್ತುವ ಕೆಲಸಕ್ಕಿಂತ ತಯಾರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಎರಡನೇ ಗುರುತು, ಅಂದರೆ ಪಾಸ್‌ವರ್ಡ್ ಜೊತೆಗೆ ಕೇಳುವ ಓಟಿಪಿಯಂಥದ್ದು, ನಿಮ್ಮ ಸ್ವಂತ ಕೈಯಲ್ಲಿ ಇರಬೇಕು. ಅದು ನೆಟ್ ಸೆಂಟರಿನವರ ಮೊಬೈಲಿನಲ್ಲೋ, ಲೆಕ್ಕ ಬರೆಯುವವರ ನಂಬರಿನಲ್ಲೋ ಇದ್ದರೆ ಎಷ್ಟು ಹಂತ ಇಟ್ಟರೂ ಖಾತೆ ಅವರ ಹಿಡಿತದಲ್ಲೇ ಇರುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ?

ನೀವು ನೀವೇ ಎಂದು ಕಂಪ್ಯೂಟರಿಗೆ ತೋರಿಸಲು ಮೂರು ಬಗೆಯ ಗುರುತುಗಳಿವೆ. ಒಂದು, ನಿಮಗೆ ಗೊತ್ತಿರುವುದು: ಪಾಸ್‌ವರ್ಡ್, ಪಿನ್. ಎರಡು, ನಿಮ್ಮ ಹತ್ತಿರ ಇರುವುದು: ಫೋನು, ಸಿಮ್, ಎಟಿಎಂ ಕಾರ್ಡು. ಮೂರು, ನಿಮ್ಮ ದೇಹದ್ದೇ ಗುರುತು: ಬೆರಳಚ್ಚು, ಮುಖ. ಇವುಗಳಲ್ಲಿ ಬೇರೆ ಬೇರೆ ಬಗೆಯ ಎರಡನ್ನು ಒಟ್ಟಿಗೆ ಕೇಳುವುದೇ ಟೂ-ಫ್ಯಾಕ್ಟರ್ ಅಥೆಂಟಿಕೇಶನ್. ಗೂಗಲ್ ಮತ್ತು ವಾಟ್ಸ್‌ಆ್ಯಪ್ ಇದನ್ನೇ ಟೂ-ಸ್ಟೆಪ್ ವೆರಿಫಿಕೇಶನ್ ಎನ್ನುತ್ತವೆ.

ಎಟಿಎಂನಲ್ಲಿ ನೀವು ವರ್ಷಗಳಿಂದ ಮಾಡುತ್ತಿರುವುದು ಇದನ್ನೇ. ಕಾರ್ಡು ಕೈಯಲ್ಲಿರಬೇಕು, ಪಿನ್ ತಲೆಯಲ್ಲಿರಬೇಕು. ಕಾರ್ಡು ಕದ್ದವನಿಗೆ ಪಿನ್ ಗೊತ್ತಿರುವುದಿಲ್ಲ, ಪಿನ್ ಕದ್ದು ನೋಡಿದವನ ಹತ್ತಿರ ಕಾರ್ಡು ಇರುವುದಿಲ್ಲ. ಆನ್‌ಲೈನಿನಲ್ಲಿ ಕಾರ್ಡ್ ಬಳಸುವಾಗಲೂ ಕಾರ್ಡಿನ ಮೇಲೆ ಅಚ್ಚಾಗಿರುವ ವಿವರಗಳಷ್ಟೇ ಸಾಲದು, ಇನ್ನೊಂದು ದೃಢೀಕರಣ ಬೇಕೇ ಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2009ರ ಆಗಸ್ಟಿನಲ್ಲಿ ಜಾರಿಗೆ ಬಂತು. ಯುಪಿಐನಲ್ಲೂ ಎರಡು ಗುರುತುಗಳಿವೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇರುವ ಫೋನಿನಿಂದಲೇ ನೋಂದಣಿ ಆಗಬೇಕು. ಆಮೇಲೆ ಹಣ ಕಳಿಸಲು ಸಾಮಾನ್ಯವಾಗಿ 4 ಅಥವಾ 6 ಅಂಕಿಯ ಯುಪಿಐ ಪಿನ್ ಬೇಕು.

ಎರಡು ಪಾಸ್‌ವರ್ಡ್ ಇಟ್ಟರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಎರಡೂ ಒಂದೇ ಬಗೆಯವು. ಒಂದನ್ನು ಕದಿಯುವ ದಾರಿಯಲ್ಲೇ ಇನ್ನೊಂದನ್ನೂ ಕದಿಯಬಹುದು. ಬಗೆ ಬೇರೆಯಾದರೆ ಕಳ್ಳನಿಗೆ ಎರಡು ಬೇರೆ ಬೇರೆ ಕೆಲಸ ಬೀಳುತ್ತದೆ.

ಬೇಕಾಗುವುದು

ನಿಮ್ಮ ಫೋನು, ನಿಮ್ಮ ಹೆಸರಿನಲ್ಲೇ ಇರುವ ಚಾಲೂ ಸಿಮ್, ಒಂದು ಇಮೇಲ್, ಎರಡು ಹಾಳೆ, ಒಂದು ಪೆನ್ನು. ಹಾಳೆ-ಪೆನ್ನು ಯಾಕೆ ಅಂತ ಮೊದಲ ಮತ್ತು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಅವಸರದಲ್ಲಿ ಮಾಡಬೇಡಿ. ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ, ಪ್ರಯಾಣದ ಹಿಂದಿನ ರಾತ್ರಿ ಇದಕ್ಕೆ ಸರಿಯಾದ ಹೊತ್ತಲ್ಲ.

ಹಂತ 1: ಯಾವ ಖಾತೆಯಲ್ಲಿ ಯಾರ ನಂಬರ್ ಇದೆ ನೋಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ನಮ್ಮಲ್ಲಿ ಎಷ್ಟೋ ಜನರ ಮೊದಲ ಜಿಮೇಲ್ ಹುಟ್ಟಿದ್ದು ನೆಟ್ ಸೆಂಟರಿನಲ್ಲಿ. ಸ್ಕಾಲರ್‌ಶಿಪ್ ಅರ್ಜಿಗೋ, ಸೇವಾ ಸಿಂಧು ಅರ್ಜಿಗೋ ಮೇಲ್ ಐಡಿ ಬೇಕಾಯಿತು. ಅಂಗಡಿಯ ಹುಡುಗ ಅಲ್ಲೇ ಒಂದು ಮಾಡಿಕೊಟ್ಟ. ಅವಸರಕ್ಕೆ ತನ್ನದೇ ಮೊಬೈಲ್ ನಂಬರ್ ಹಾಕಿದ. ಅವನದ್ದು ಕೆಟ್ಟ ಉದ್ದೇಶವೇನಲ್ಲ. ಆದರೆ ಇವತ್ತಿಗೂ ಆ ಖಾತೆಯ ಓಟಿಪಿ ಹೋಗುವುದು ಅವನಿಗೇ. ಅವನು ಅಂಗಡಿ ಮುಚ್ಚಿ ಊರು ಬಿಟ್ಟರೆ ನಿಮ್ಮ ಮೇಲ್ ನಿಮಗೆ ಸಿಗುವುದಿಲ್ಲ.

ಇನ್ನೊಂದು ತೊಂದರೆ ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಇದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರದ್ದು. ಖಾತೆಯಲ್ಲಿ ಇರುವುದು ಅಪ್ಪನ ನಂಬರ್. ಅಪ್ಪ ಶಿಗ್ಗಾವಿ ಕಡೆಯ ಹೊಲದಲ್ಲಿರುತ್ತಾರೆ, ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅರ್ಜಿ ಮುಗಿಯುವ ಹೊತ್ತಿಗೆ ಫೋನ್ ಮಾಡಿ "ಅಪ್ಪಾ, ಓಟಿಪಿ ಬಂದದೇನ್ ನೋಡು" ಎಂದು ಕೇಳುತ್ತಾ ಕೂರಬೇಕು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಓಟಿಪಿಯನ್ನು ಫೋನಿನಲ್ಲಿ ಓದಿ ಹೇಳುವುದು ಆ ಹಿರಿಯರಿಗೆ ರೂಢಿಯಾಗಿಬಿಡುತ್ತದೆ. ನಾಳೆ ಮೋಸಗಾರ ಕೇಳಿದಾಗಲೂ ಅದೇ ರೂಢಿಯಲ್ಲಿ ಓದಿ ಹೇಳುತ್ತಾರೆ.

ವ್ಯಾಪಾರಸ್ಥರಿಗೂ ಇದೇ ಕಥೆ. ಇ-ವೇ ಬಿಲ್ (ಸರಕು ಸಾಗಿಸುವಾಗ ಬೇಕಾಗುವ ಜಿಎಸ್‌ಟಿ ಚೀಟಿ) ಪೋರ್ಟಲ್ಲಿನಲ್ಲಿ ಎರಡು ಹಂತದ ಲಾಗಿನ್ 2025ರಲ್ಲಿ ಹಂತ ಹಂತವಾಗಿ ಕಡ್ಡಾಯವಾಯಿತು. ಮೊದಲು 20 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟು ಇರುವವರಿಗೆ, ಆಮೇಲೆ 5 ಕೋಟಿ ಮೀರಿದವರಿಗೆ, ಏಪ್ರಿಲ್ 1ರಿಂದ ಎಲ್ಲರಿಗೂ. ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡ್ ಕಳಿಸುವವರಿಗೆ, ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟಿನವರಿಗೆ ಇದು ದಿನನಿತ್ಯದ ಕೆಲಸ. ಅಲ್ಲಿ ಸಬ್-ಯೂಸರ್ ಎಂಬ ಸೌಲಭ್ಯವಿದೆ. ಅಂದರೆ ನಿಮ್ಮ ಕೈಕೆಳಗೆ ಕೆಲಸ ಮಾಡುವವರಿಗೆ ಬೇರೆ ಲಾಗಿನ್, ಅವರದ್ದೇ ನಂಬರಿಗೆ ಬೇರೆ ಓಟಿಪಿ. ಅದನ್ನು ಮಾಡಿಕೊಡಿ. ಮಾಲೀಕರ ಓಟಿಪಿಯನ್ನು ಇಡೀ ಅಂಗಡಿಯವರು ಹಂಚಿಕೊಳ್ಳುವುದು ಬೇಡ. ಕೆಲಸ ಬಿಟ್ಟು ಹೋದವರ ಲಾಗಿನ್ ಅವತ್ತೇ ಮುಚ್ಚಿ.

ಈಗ ಮಾಡಬೇಕಾದದ್ದು ಇಷ್ಟು. ಹಾಳೆಯಲ್ಲಿ ಖಾತೆಗಳ ಹೆಸರು ಬರೆಯಿರಿ: ಇಮೇಲ್, ವಾಟ್ಸ್‌ಆ್ಯಪ್, ಬ್ಯಾಂಕ್, ಆಧಾರ್, ಡಿಜಿಲಾಕರ್, ಫೇಸ್‌ಬುಕ್, ವ್ಯಾಪಾರವಿದ್ದರೆ ಜಿಎಸ್‌ಟಿ. ಪ್ರತಿಯೊಂದರ ಮುಂದೆ ಅದಕ್ಕೆ ಜೋಡಿಸಿರುವ ನಂಬರ್ ಯಾರದ್ದು ಎಂದು ಬರೆಯಿರಿ. ಬೇರೆಯವರದ್ದಿದ್ದರೆ ಮೊದಲು ಅದನ್ನು ಬದಲಾಯಿಸಿ. ಬ್ಯಾಂಕಿನಲ್ಲಾದರೆ ಶಾಖೆಗೆ ಹೋಗಿ ಅರ್ಜಿ ಕೊಡಿ.

ಹಳೆಯ ನಂಬರ್ ರೀಚಾರ್ಜ್ ಮಾಡದೆ ಬಿಟ್ಟಿದ್ದೀರಾ? ಬಂದ್ ಆದ ನಂಬರನ್ನು 90 ದಿನಗಳ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ ಗುರುತಿಲ್ಲದವರ ಫೋನಿಗೆ ಹೋಗುತ್ತದೆ. ನಂಬರ್ ಬಿಡುವ ಮೊದಲೇ ಎಲ್ಲಾ ಖಾತೆಗಳಿಂದ ಅದನ್ನು ತೆಗೆಯಿರಿ.

ಹಂತ 2: ಇಮೇಲಿನಿಂದ ಶುರು ಮಾಡಿ

ಎಲ್ಲರೂ ಬ್ಯಾಂಕಿನಿಂದ ಶುರು ಮಾಡಲು ಹೋಗುತ್ತಾರೆ. ಬ್ಯಾಂಕಿನವರು ಹೇಗೂ ಎರಡನೇ ಗುರುತು ಕೇಳುತ್ತಾರೆ. ಕಾವಲಿಲ್ಲದೆ ಇರುವುದು ಇಮೇಲ್. ಬೇರೆ ಎಷ್ಟೋ ಖಾತೆಗಳ 'ಪಾಸ್‌ವರ್ಡ್ ಮರೆತಿರಾ' ಲಿಂಕ್ ಬಂದು ಬೀಳುವುದು ಅಲ್ಲಿಗೇ. ಇಮೇಲ್ ಹೋದರೆ ಅದರ ಹಿಂದೆ ಉಳಿದವೂ ಹೋಗುತ್ತವೆ.

ಜಿಮೇಲ್ ಇದ್ದರೆ ಹೀಗೆ ಮಾಡಿ. ಫೋನಿನ 'ಸೆಟ್ಟಿಂಗ್ಸ್' ತೆರೆಯಿರಿ, 'ಗೂಗಲ್' ಒತ್ತಿ, ನಿಮ್ಮ ಖಾತೆಯನ್ನು ನಿರ್ವಹಿಸುವ ಪುಟಕ್ಕೆ ಹೋಗಿ. ಅಲ್ಲಿ 'ಸೆಕ್ಯುರಿಟಿ' ಎಂಬ ಭಾಗದಲ್ಲಿ 'ಟೂ-ಸ್ಟೆಪ್ ವೆರಿಫಿಕೇಶನ್' ಸಿಗುತ್ತದೆ. ಫೋನಿನ ಭಾಷೆ ಕನ್ನಡ ಇದ್ದರೆ ಇವೇ ಹೆಸರುಗಳು ಕನ್ನಡದಲ್ಲಿರುತ್ತವೆ. ಪಾಸ್‌ವರ್ಡ್ ಕೇಳುತ್ತದೆ, ಕೊಡಿ. ನಿಮ್ಮ ನಂಬರ್ ಸೇರಿಸಿ, ಬಂದ ಕೋಡ್ ಹಾಕಿ, ಆನ್ ಮಾಡಿ. ಕೆಲವರಿಗೆ ಇದು ಮೊದಲೇ ಆನ್ ಆಗಿರಬಹುದು. ಆಗ ಯಾವ ನಂಬರ್ ಇದೆ ಎಂದು ಮಾತ್ರ ನೋಡಿ.

ಅದೇ ಪುಟದಲ್ಲಿ ನಿಮ್ಮ ಖಾತೆ ಯಾವ ಯಾವ ಫೋನ್ ಮತ್ತು ಕಂಪ್ಯೂಟರಿನಲ್ಲಿ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ನೆಟ್ ಸೆಂಟರಿನ ಕಂಪ್ಯೂಟರ್, ಮಾರಿದ ಹಳೆಯ ಫೋನ್ ಅದರಲ್ಲಿ ಕಂಡರೆ ಸೈನ್ ಔಟ್ ಮಾಡಿ. ಒಮ್ಮೆ ಒಳಗೆ ಬಂದು ಕೂತಿರುವ ಸಾಧನಕ್ಕೆ ಎರಡನೇ ಹಂತ ಮತ್ತೆ ಎದುರಾಗದೇ ಇರಬಹುದು. ಬೇರೆಯವರ ಕಂಪ್ಯೂಟರಿನಲ್ಲಿ ಲಾಗಿನ್ ಆಗುವಾಗ 'ಈ ಸಾಧನದಲ್ಲಿ ಮತ್ತೆ ಕೇಳಬೇಡ' ಎಂಬ ಚೌಕಕ್ಕೆ ಟಿಕ್ ಇದ್ದರೆ ತೆಗೆಯಲು ಮರೆಯಬೇಡಿ.

ಹಂತ 3: ಬ್ಯಾಕಪ್ ಕೋಡ್ ಬರೆದಿಟ್ಟುಕೊಳ್ಳಿ

ಎರಡನೇ ಹಾಳೆ ಇದಕ್ಕೆ. ಬ್ಯಾಕಪ್ ಕೋಡ್ ಎಂದರೆ ಫೋನ್ ಕೈಯಲ್ಲಿ ಇಲ್ಲದ ದಿನಕ್ಕೆಂದು ಮೊದಲೇ ಕೊಡುವ ಗುಪ್ತ ಸಂಖ್ಯೆಗಳು. ಗೂಗಲ್ ಒಂದು ಸಲಕ್ಕೆ 10 ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿಯದ್ದು. ಒಂದನ್ನು ಒಂದೇ ಸಲ ಬಳಸಬಹುದು. ಹೊಸ ಪಟ್ಟಿ ತೆಗೆದರೆ ಹಳೆಯದು ರದ್ದು.

ಇವನ್ನು ಕೈಯಲ್ಲಿ ಬರೆದು ಮನೆಯಲ್ಲಿ ಮಾರ್ಕ್ಸ್ ಕಾರ್ಡ್, ಹೊಲದ ಉತಾರ ಇಡುವ ಜಾಗದಲ್ಲೇ ಇಡಿ. ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿ ಇಟ್ಟರೆ ಫೋನಿನ ಜೊತೆ ಅದೂ ಹೋಗುತ್ತದೆ. ಅದೇ ಜಿಮೇಲಿಗೆ ಕಳಿಸಿಕೊಂಡರೂ ಅಷ್ಟೇ, ತೆರೆಯಲು ಆಗದ ಪೆಟ್ಟಿಗೆಯೊಳಗೆ ಕೋಡ್ ಉಳಿಯುತ್ತದೆ. ರೂಮಿನಲ್ಲಿ ಇರುವ ವಿದ್ಯಾರ್ಥಿಗಳು ಒಂದು ಪ್ರತಿ ಊರಲ್ಲಿ ಅವ್ವನ ಹತ್ತಿರ ಕೊಟ್ಟಿಡಿ. ಹಾಳೆಯ ಮೇಲೆ ಇದು ಯಾವ ಮೇಲ್ ಐಡಿಯದ್ದು, ಪಾಸ್‌ವರ್ಡ್ ಏನು ಎಂದು ಬರೆಯಬೇಡಿ.

ದಯವಿಟ್ಟು ಈ ಹಂತ ಮುಗಿಸದೆ ಮುಂದಕ್ಕೆ ಹೋಗಬೇಡಿ. ಖಾತೆ ಕಳೆದುಕೊಂಡು ಒದ್ದಾಡುವವರಲ್ಲಿ ಕೋಡ್ ಬರೆದಿಟ್ಟುಕೊಂಡವರು ಕಾಣುವುದು ಅಪರೂಪ.

ಹಂತ 4: ಎಸ್ಸೆಮ್ಮೆಸ್ ಜೊತೆಗೆ ಅಥೆಂಟಿಕೇಟರ್ ಆ್ಯಪ್

ಎಸ್ಸೆಮ್ಮೆಸ್ ಓಟಿಪಿ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಅದರಲ್ಲಿ ಎರಡು ಕೊರತೆಗಳಿವೆ. ನೆಟ್‌ವರ್ಕ್ ಬೇಕು. ಅದು ಸಿಮ್ ಹಿಂದೆ ಹೋಗುತ್ತದೆ. ನಿಮ್ಮ ಹೆಸರಿನಲ್ಲಿ ಸುಳ್ಳು ದಾಖಲೆ ಕೊಟ್ಟು ಇನ್ನೊಬ್ಬ ಡೂಪ್ಲಿಕೇಟ್ ಸಿಮ್ ತೆಗೆದುಕೊಂಡರೆ ಓಟಿಪಿ ಅವನಿಗೆ ಬರುತ್ತದೆ. ಇದನ್ನು ಸಿಮ್ ಸ್ವಾಪ್ ಎನ್ನುತ್ತಾರೆ. ಈ ಮೋಸ ತಡೆಯಲೆಂದೇ ಸಿಮ್ ಬದಲಾದ ಮೊದಲ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸುವ ವ್ಯವಸ್ಥೆ ಇದೆ. ಹಾಗಾಗಿ ನಾಳೆ ಅರ್ಜಿಗೆ ಕೊನೆಯ ದಿನ ಎಂದರೆ ಇವತ್ತು ಸಿಮ್ ಬದಲಾಯಿಸಬೇಡಿ, ಓಟಿಪಿ ಬರುವುದಿಲ್ಲ. ಏನೂ ಮಾಡದೆ ಫೋನಿನಲ್ಲಿ ಇದ್ದಕ್ಕಿದ್ದಂತೆ ಸಿಗ್ನಲ್ ಹೋಗಿ ಬಹಳ ಹೊತ್ತು ಬಾರದಿದ್ದರೆ, ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ ವಿಚಾರಿಸಿ.

ಅಥೆಂಟಿಕೇಟರ್ ಆ್ಯಪ್ ಎಂದರೆ ನಿಮ್ಮ ಫೋನಿನಲ್ಲೇ ಕೋಡ್ ತಯಾರಿಸುವ ಆ್ಯಪ್. ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಹೆಸರು ಕೇಳಿರಬಹುದು. ಮೊದಲ ಸಲ ಜೋಡಿಸುವಾಗ ಪರದೆಯ ಮೇಲೆ ಒಂದು ಕ್ಯೂಆರ್ ಚಿತ್ರ ಬರುತ್ತದೆ. ಅದರೊಳಗೆ ಒಂದು ಉದ್ದನೆಯ ಗುಪ್ತ ಸಂಖ್ಯೆ ಅಡಗಿರುತ್ತದೆ. ಸ್ಕ್ಯಾನ್ ಮಾಡಿದಾಗ ಅದು ನಿಮ್ಮ ಫೋನಿಗೆ ಬರುತ್ತದೆ, ಕಂಪನಿಯ ಸರ್ವರಿನಲ್ಲಂತೂ ಇದ್ದೇ ಇದೆ. ಆಮೇಲೆ ಎರಡೂ ಕಡೆ ಒಂದೇ ಲೆಕ್ಕ ನಡೆಯುತ್ತದೆ: ಆ ಗುಪ್ತ ಸಂಖ್ಯೆಯನ್ನು ಆ ಕ್ಷಣದ ಸಮಯದೊಂದಿಗೆ ಸೇರಿಸಿ 6 ಅಂಕಿಯ ಕೋಡ್ ತೆಗೆಯುವುದು. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಕೋಡ್ ಬದಲಾಗುತ್ತದೆ. ನೀವು ಹಾಕಿದ ಕೋಡ್ ಸರ್ವರಿನ ಲೆಕ್ಕಕ್ಕೆ ಹೊಂದಿದರೆ ಬಾಗಿಲು ತೆರೆಯುತ್ತದೆ. 2011ರಲ್ಲಿ ಪ್ರಕಟವಾದ ಮುಕ್ತ ಮಾನದಂಡ ಇದು. ಅದಕ್ಕೇ ಯಾವ ಕಂಪನಿಯ ಆ್ಯಪ್ ಆದರೂ, ಅಥೆಂಟಿಕೇಟರ್ ಆಯ್ಕೆ ಇರುವ ಹೆಚ್ಚಿನ ಎಲ್ಲಾ ಖಾತೆಗಳಿಗೆ ನಡೆಯುತ್ತದೆ.

ಕೋಡ್ ಎಲ್ಲಿಂದಲೋ ಬರುವುದಲ್ಲ, ಫೋನಿನಲ್ಲೇ ಹುಟ್ಟುವುದು. ಹಾಗಾಗಿ ನೆಟ್‌ವರ್ಕ್ ಇಲ್ಲದ ಕಡೆಯೂ, ಸಿಮ್ ತೆಗೆದಿಟ್ಟರೂ ಕೋಡ್ ಸಿಗುತ್ತದೆ. ಅಪ್ಪನ ನಂಬರಿಗೆ ಕಾಯುತ್ತಾ ಕೂರುವ ವಿದ್ಯಾರ್ಥಿಗಳಿಗೆ, ಈ ಆಯ್ಕೆ ಇರುವ ಖಾತೆಗಳಲ್ಲಿ ಇದೇ ಒಳ್ಳೆಯ ದಾರಿ, ಅಲ್ವಾ?

ಜೋಡಿಸುವ ಕ್ರಮ: ಆ್ಯಪನ್ನು ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿ, ತಯಾರಿಸಿದ ಕಂಪನಿಯ ಹೆಸರು ನೋಡಿ. ಅದೇ ಹೆಸರಿನ ನಕಲಿಗಳು ಇರುತ್ತವೆ. ಟೂ-ಸ್ಟೆಪ್ ಪುಟದಲ್ಲಿ 'ಅಥೆಂಟಿಕೇಟರ್' ಆಯ್ಕೆ ಮಾಡಿ. ಕಂಪ್ಯೂಟರಿನ ಪರದೆಯ ಕ್ಯೂಆರನ್ನು ಫೋನಿನಿಂದ ಸ್ಕ್ಯಾನ್ ಮಾಡಿ, ಫೋನಿನಲ್ಲೇ ಮಾಡುತ್ತಿದ್ದರೆ ಅಲ್ಲಿ ಕೊಡುವ ಅಕ್ಷರಗಳ ಸಾಲನ್ನು ಕಾಪಿ ಮಾಡಿ ಹಾಕಿ. ಆ್ಯಪ್ ತೋರಿಸಿದ ಕೋಡ್ ಹಾಕಿ ಮುಗಿಸಿ.

ಇಲ್ಲಿ ಜನ ಎಡವುವುದು ಮೂರು ಕಡೆ. ಕ್ಯೂಆರಿನ ಫೋಟೋ ತೆಗೆದು ಯಾರಿಗಾದರೂ ಕಳಿಸಿದರೆ, ಅದನ್ನು ಸ್ಕ್ಯಾನ್ ಮಾಡಿದವರಿಗೂ ನಿಮ್ಮದೇ ಕೋಡ್ ಬರುತ್ತದೆ. ಫೋನಿನ ಗಡಿಯಾರ ತಪ್ಪಿದ್ದರೆ ಕೋಡ್ ತಪ್ಪಾಗುತ್ತದೆ. ಸಮಯವನ್ನು 'ಆಟೋಮ್ಯಾಟಿಕ್' ಇಡಿ. ಹೊಸ ಫೋನ್ ತಂದ ಖುಷಿಯಲ್ಲಿ ಹಳೆಯದನ್ನು ಅಂಗಡಿಗೆ ಕೊಟ್ಟುಬಿಟ್ಟರೆ ಕೋಡುಗಳೂ ಅದರ ಜೊತೆ ಹೋಗಬಹುದು. ಹುಬ್ಬಳ್ಳಿಯ ಕೊಪ್ಪೀಕರ್ ರೋಡಿಗೆ ಫೋನ್ ಬದಲಾಯಿಸಲು ಹೋಗುವ ಮೊದಲು ಮನೆಯಲ್ಲೇ ಆ್ಯಪಿನ ಖಾತೆಗಳನ್ನು ಹೊಸ ಫೋನಿಗೆ ಸಾಗಿಸುವ ಆಯ್ಕೆ ನೋಡಿಕೊಳ್ಳಿ. ಹೊಸ ಫೋನಿನಲ್ಲಿ ಒಂದು ಸಲ ಲಾಗಿನ್ ಆಗಿ ಪರೀಕ್ಷಿಸಿದ ಮೇಲೆಯೇ ಹಳೆಯದನ್ನು ಅಳಿಸಿ.

ಹಂತ 5: ವಾಟ್ಸ್‌ಆ್ಯಪ್ ಪಿನ್

ಇದಕ್ಕೆ ಎರಡು ನಿಮಿಷ ಸಾಕು. 'ಸೆಟ್ಟಿಂಗ್ಸ್', 'ಅಕೌಂಟ್', 'ಟೂ-ಸ್ಟೆಪ್ ವೆರಿಫಿಕೇಶನ್'. 6 ಅಂಕಿಯ ಪಿನ್ ಇಡಿ. ಹುಟ್ಟಿದ ದಿನ, ಗಾಡಿ ನಂಬರ್ ಬೇಡ. ಮುಂದೆ ಇಮೇಲ್ ಕೇಳುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಬಹುದು, ಆದರೆ ಬಿಡಬೇಡಿ. ಇಮೇಲ್ ಕೊಡದೆ ಪಿನ್ ಮರೆತರೆ 7 ದಿನ ಕಾಯಬೇಕಾಗುತ್ತದೆ. ಆಗಾಗ ವಾಟ್ಸ್‌ಆ್ಯಪೇ ಪಿನ್ ಕೇಳುತ್ತದೆ. ಅದು ನಿಮಗೆ ಮರೆಯದಿರಲಿ ಎಂದು. ಹೆದರಬೇಡಿ.

ಪಿನ್ ಇಡಬೇಕೋ ಬೇಡವೋ ಎಂದು ಕೇಳಿದವರಿಗೆ ಉತ್ತರ: ಇಡಲೇಬೇಕು. ಹೊಸ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆಯಲು ಎಸ್ಸೆಮ್ಮೆಸ್ಸಿನಲ್ಲಿ ಬರುವ ಕೋಡ್ ಸಾಕು. ಆ ಕೋಡನ್ನು ನಿಮ್ಮಿಂದ ಹೇಳಿಸಿಕೊಂಡವನು ನಿಮ್ಮ ಹೆಸರಿನಲ್ಲಿ ಬಂಧುಗಳಿಗೆಲ್ಲ "ಅರ್ಜೆಂಟ್ ಐತಿ, ಸ್ವಲ್ಪ ರೊಕ್ಕ ಹಾಕ್ರಿ" ಎಂದು ಬರೆಯುತ್ತಾನೆ. ಪಿನ್ ಇದ್ದರೆ ಅಲ್ಲೇ ನಿಲ್ಲುತ್ತಾನೆ.

ಹಂತ 6: ಬ್ಯಾಂಕ್ ಮತ್ತು ಯುಪಿಐ

ಇಲ್ಲಿ ನೀವು ಹೊಸದಾಗಿ ಆನ್ ಮಾಡಬೇಕಾದದ್ದು ಕಡಿಮೆ. ನಂಬರ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ, ಫೋನಿಗೆ ಸ್ಕ್ರೀನ್ ಲಾಕ್ ಇಡಿ. ಲಾಕ್ ಇದ್ದರೂ ಪರದೆಯ ಮೇಲೆ ಎಸ್ಸೆಮ್ಮೆಸ್ ಓದಲು ಸಿಗುವಂತಿದ್ದರೆ ಅದನ್ನು ಮುಚ್ಚಿ. ಹಣ ಬರಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ನೀವು ಬ್ಯಾಲೆನ್ಸ್ ನೋಡುವಾಗ ಬಿಟ್ಟರೆ, ಪಿನ್ ಕೇಳಿತು ಎಂದರೆ ಸಾಮಾನ್ಯವಾಗಿ ಹಣ ನಿಮ್ಮ ಖಾತೆಯಿಂದ ಹೋಗುತ್ತಿದೆ.

ಎಲ್ಲಾ ಆನ್ ಇದ್ದರೂ ಮೋಸ ಹೋಗುವುದು ಹೇಗೆ?

ಒಂದು ದಾರಿ ಫೋನ್ ಕರೆ. ಬ್ಯಾಂಕಿನಿಂದ, ಕೊರಿಯರಿನಿಂದ, ಪೊಲೀಸರಿಂದ ಎಂದು ಹೇಳಿ ಓಟಿಪಿ ಕೇಳುತ್ತಾರೆ. ಯಾವ ಬ್ಯಾಂಕಿನ ನೌಕರನಿಗೂ ನಿಮ್ಮ ಓಟಿಪಿ ಬೇಕಾಗಿಲ್ಲ. ಕೋಡ್ ಹಾಕಬೇಕಾದದ್ದು ನೀವೇ ತೆರೆದ ಆ್ಯಪಿನಲ್ಲಿ, ನಿಮ್ಮದೇ ಕೈಯಿಂದ.

ಇನ್ನೊಂದು ದಾರಿ ನಕಲಿ ಪುಟ. ಇದಕ್ಕೆ ಫಿಶಿಂಗ್ ಎನ್ನುತ್ತಾರೆ. ಬ್ಯಾಂಕಿನಂತೆಯೇ ಕಾಣುವ ಪುಟದಲ್ಲಿ ನೀವು ಪಾಸ್‌ವರ್ಡ್ ಮತ್ತು ಓಟಿಪಿ ಹಾಕುತ್ತೀರಿ, ಆ ಕಡೆ ಕೂತವನು ಅದೇ ಕ್ಷಣ ಅವನ್ನು ಅಸಲಿ ಪುಟದಲ್ಲಿ ಹಾಕುತ್ತಾನೆ. ಅಥೆಂಟಿಕೇಟರ್ ಕೋಡೂ ಇದರಿಂದ ಪಾರಾಗುವುದಿಲ್ಲ. ಪಾಸ್‌ಕೀ ಪಾರಾಗುತ್ತದೆ. ಪಾಸ್‌ಕೀ ಎಂದರೆ ಬೆರಳಚ್ಚು ಅಥವಾ ಫೋನ್ ಲಾಕಿನಿಂದ ತೆರೆಯುವ ಡಿಜಿಟಲ್ ಗುರುತು. ಅದು ಯಾವ ಜಾಲತಾಣಕ್ಕೆ ಮಾಡಿದ್ದೋ ಅಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಕಲಿ ಪುಟಕ್ಕೆ ಉತ್ತರವನ್ನೇ ಕೊಡುವುದಿಲ್ಲ. ನಿಮ್ಮ ಖಾತೆಯಲ್ಲಿ ಆ ಆಯ್ಕೆ ಇದ್ದರೆ ಬಳಸಿ.

ಮೂರನೆಯದು ಈಚೆಗೆ ಜಾಸ್ತಿಯಾಗಿದೆ. ವಾಟ್ಸ್‌ಆ್ಯಪಿನಲ್ಲಿ ಮದುವೆ ಕಾರ್ಡು, ಗಾಡಿ ದಂಡದ ಚಲನ್, ಪಿಎಂ ಕಿಸಾನ್ ಎಂಬ ಹೆಸರಿನ ಎಪಿಕೆ ಕಡತ ಬರುತ್ತದೆ. ಎಪಿಕೆ ಎಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕುವ ಕಡತ. ಅದನ್ನು ಒತ್ತಿ ಅನುಮತಿ ಕೊಟ್ಟರೆ ಅದು ನಿಮ್ಮ ಎಸ್ಸೆಮ್ಮೆಸ್ ಓದಿ ಕಳ್ಳನಿಗೆ ಕಳಿಸುತ್ತದೆ. ನೀವು ಯಾರಿಗೂ ಓಟಿಪಿ ಹೇಳಿರುವುದಿಲ್ಲ, ಆದರೂ ಹಣ ಹೋಗುತ್ತದೆ. ಮದುವೆ ಕಾರ್ಡು ಫೋಟೋ ಆಗಿ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ಕಳಿಸಿದವರು ನಮ್ಮ ಕಾಕಾ ಆದರೂ ಒತ್ತಬೇಡಿ. ಅವರ ಫೋನೂ ಆಗಲೇ ಸಿಕ್ಕಿಬಿದ್ದಿರಬಹುದು.

ಫೋನ್ ಕಳೆದರೆ, ಹಣ ಹೋದರೆ

ಫೋನ್ ಕಳೆದರೆ ಕ್ರಮ ಹೀಗಿರಲಿ. ಮೊದಲು ಬೇರೆಯವರ ಫೋನಿನಿಂದ ಸಿಮ್ ಕಂಪನಿಗೆ ಕರೆ ಮಾಡಿ ಸಿಮ್ ಬಂದ್ ಮಾಡಿಸಿ. ಬ್ಯಾಂಕಿಗೆ ತಿಳಿಸಿ ಯುಪಿಐ ನಿಲ್ಲಿಸಿ. ಆಮೇಲೆ ಬರೆದಿಟ್ಟ ಬ್ಯಾಕಪ್ ಕೋಡಿನಿಂದ ಇಮೇಲಿಗೆ ಹೋಗಿ, ಕಳೆದ ಫೋನನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ. ನಂತರ ಠಾಣೆಯಲ್ಲಿ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದೂ ಅಲ್ಲೇ ನೋಡಬಹುದು. ಗುರುತಿಲ್ಲದ ನಂಬರ್ ಕಂಡರೆ ಅಲ್ಲೇ ತಿಳಿಸಿ.

ಹಣ ಹೋಗಿದ್ದರೆ ನಾಳೆ ನೋಡೋಣ ಎನ್ನಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಹಾರುತ್ತದೆ. ಅದು ಯಾವುದಾದರೂ ಖಾತೆಯಲ್ಲಿ ನಿಂತಿರುವಾಗಲೇ ಹಿಡಿದರೆ ಮಾತ್ರ ತಡೆಯಲು ಆಗುತ್ತದೆ. ಕರೆ ಮಾಡುವಾಗ ಹಣ ಹೋದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ ಎದುರಿಗೆ ಇಟ್ಟುಕೊಳ್ಳಿ. ಬಂದ ಎಸ್ಸೆಮ್ಮೆಸ್, ಚಾಟ್ ಏನನ್ನೂ ಅಳಿಸಬೇಡಿ. ಹುಬ್ಬಳ್ಳಿ-ಧಾರವಾಡ ಕಮಿಷನರೇಟಿನಲ್ಲಿ, ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಸೈಬರ್ ಅಪರಾಧಕ್ಕೆ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಗಳಿವೆ, ಅಲ್ಲಿಗೆ ಹೋಗಿ ಲಿಖಿತ ದೂರು ಕೊಡಿ. ಮನೆಯವರು ಬೈಯುತ್ತಾರೆ ಎಂದು ಮುಚ್ಚಿಟ್ಟು ಕೂತರೆ ಆ ಹೊತ್ತು ಮೀರಿಹೋಗುತ್ತದೆ. ಮನೆಯ ಹಿರಿಯರಿಗೆ, ಮಕ್ಕಳಿಗೆ ಇದನ್ನು ಇವತ್ತೇ ಹೇಳಿಡಿ. 1930 ಎಂಬ ನಂಬರನ್ನು ಅವರ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ.